ಯಂತ್ರ ಬದಲಾಗುವಾಗ ತಂತ್ರಾಂಶದ ಆಯ್ಕೆ: ಶಾಲೆಗಳು ಗಮನಿಸತಕ್ಕ ಸಂಗತಿಗಳು

ಯಾದಗಿರಿ, ಶಹಾಪುರ, ಸುರಪುರ ಪ್ರಾಂತದ ಹಳೆಯ ಮನೆಗಳಲ್ಲಿ ಅಜ್ಜನ ಕಾಲದ ಹೊಲಮನೆಗಳ ಕಾಗದಪತ್ರಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇರಿಸಿರುವುದುಂಟು. ಕಾಗದ ಗಟ್ಟಿಯಾಗಿದೆ, ಮಸಿ ಮಾಸಿಲ್ಲ, ನಿಜಾಮ ಸರಕಾರದ ಮುದ್ರೆಯೂ ಸ್ಪಷ್ಟವಾಗಿದೆ. ಆದರೆ ಅದನ್ನು ಓದಬಲ್ಲವರು ಮನೆಯಲ್ಲಿ ಯಾರೂ ಇಲ್ಲ. 1948ರ ಸೆಪ್ಟೆಂಬರಿನವರೆಗೆ ಈ ಪ್ರಾಂತ ಹೈದರಾಬಾದು ಸಂಸ್ಥಾನದಲ್ಲಿದ್ದು ಸರಕಾರಿ ವ್ಯವಹಾರ ಉರ್ದುವಿನಲ್ಲಿ ನಡೆಯುತ್ತಿದ್ದಿತು. 1956ರ ನವೆಂಬರ್ 1ರಂದು ಉಳಿದ ಕನ್ನಡ ನಾಡಿನೊಡನೆ ಒಂದಾದ ಮೇಲೆ ಕಚೇರಿಗಳ ಭಾಷೆ ಬದಲಾಯಿತು. ಪೆಟ್ಟಿಗೆಯೊಳಗಿನ ಕಾಗದ ಬದಲಾಗಲಿಲ್ಲ. ಇಂದಿಗೂ ಜಮೀನಿನ ತಂಟೆ ಎದ್ದಾಗ ಆ ಕಾಗದಗಳನ್ನು ಹಿಡಿದು ಉರ್ದು ಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಶಾಲೆಗಳ ಗಣಕಯಂತ್ರಗಳ ವಿಚಾರದಲ್ಲಿಯೂ ಇಂತಹುದೇ ಒಂದು ಸಂದರ್ಭ ಈಗ ಒದಗಿದೆ. ವ್ಯತ್ಯಾಸವಿಷ್ಟೆ: ಅಲ್ಲಿ ಓದು ಕೈತಪ್ಪಲು ಎರಡು ಮೂರು ತಲೆಮಾರು ಬೇಕಾಯಿತು, ಇಲ್ಲಿ ಇಪ್ಪತ್ತು ವರ್ಷಗಳು ಸಾಕು.

ಸಂದರ್ಭ ಯಾವುದೆಂಬುದನ್ನು ಮೊದಲು ಹೇಳುವುದು ಯುಕ್ತ. ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ ನಮ್ಮ ಶಾಲೆ, ಕಚೇರಿಗಳಿಗೆ ಹೆಚ್ಚು ಪರಿಚಿತವಾದದ್ದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. ಅದರ ಹತ್ತನೆಯ ಆವೃತ್ತಿ 2015ರ ಜುಲೈನಲ್ಲಿ ಬಂದಿತು. 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಕಂಪನಿಯ ಸಾಮಾನ್ಯ ರಕ್ಷಣೆ ಮುಗಿಯಿತು. ರಕ್ಷಣೆ ಮುಗಿಯಿತೆಂದರೆ ಯಂತ್ರ ನಿಂತುಹೋಗುತ್ತದೆಂದು ಅರ್ಥವಲ್ಲ. ಅದು ನಿನ್ನೆ ನಡೆದಂತೆ ನಾಳೆಯೂ ನಡೆಯುತ್ತದೆ. ಆದರೆ ಹೊಸದಾಗಿ ಕಂಡುಬರುವ ದೋಷಗಳಿಗೆ ಪರಿಹಾರ ಬರುವುದು ನಿಂತು, ಅಂತರ್ಜಾಲಕ್ಕೆ ಜೋಡಿಸಿದ ಯಂತ್ರ ದಿನೇ ದಿನೇ ಬಾಗಿಲು ಸಡಿಲವಾದ ಮನೆಯಂತಾಗುತ್ತದೆ. ಅದರ ಮುಂದಿನ ಆವೃತ್ತಿಯಾದ ಹನ್ನೊಂದನ್ನು ಹಾಕೋಣವೆಂದರೆ, ಅದು ಯಂತ್ರದೊಳಗೆ ಒಂದು ನಿರ್ದಿಷ್ಟ ಭದ್ರತಾ ಚಿಪ್ಪನ್ನೂ, ಇಂಟೆಲ್ ಕಂಪನಿಯದಾದರೆ ಎಂಟನೆಯ ಪೀಳಿಗೆಯ ಅಥವಾ ಅನಂತರದ ಸಂಸ್ಕಾರಕವನ್ನೂ ಬೇಡುತ್ತದೆ. ಎಂಟನೆಯ ಪೀಳಿಗೆ ಹೊರಬಂದದ್ದು 2017ರಲ್ಲಿ. ದಾನಿಗಳು ಅದಕ್ಕಿಂತ ಮೊದಲು ಕೊಡಿಸಿದ ಯಂತ್ರಗಳು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಈ ಪಂಕ್ತಿಗೆ ಸೇರುವುದಿಲ್ಲ.

ಇಲ್ಲಿ ಶಾಲೆಗಳಿಗೆ ಒಂದು ಸಣ್ಣ ಅವಕಾಶವಿದೆ; ಅದು ಹಲವರಿಗೆ ತಿಳಿದಂತಿಲ್ಲ. ಶಿಕ್ಷಣ ಸಂಸ್ಥೆಗಳು ಹಣ ತೆತ್ತು ಹತ್ತನೆಯ ಆವೃತ್ತಿಗೆ ಭದ್ರತೆಯ ಪರಿಹಾರಗಳನ್ನು ಇನ್ನೂ ಮೂರು ವರ್ಷ ಪಡೆಯಬಹುದೆಂದು ಕಂಪನಿ ಪ್ರಕಟಿಸಿದೆ. ಒಂದು ಯಂತ್ರಕ್ಕೆ ಮೊದಲ ವರ್ಷ 1 ಡಾಲರು, ಎರಡನೆಯ ವರ್ಷ 2, ಮೂರನೆಯ ವರ್ಷ 4. ಇದು ಕಾಯಂ ಪರಿಹಾರವಲ್ಲ. ಆದರೂ ಅವಸರದಲ್ಲಿ ತಪ್ಪು ಆಯ್ಕೆ ಮಾಡುವುದಕ್ಕಿಂತ ಒಂದು ವರ್ಷದ ಸಮಯವನ್ನು ಕೊಂಡುಕೊಳ್ಳುವುದು ದುಬಾರಿಯೇನಲ್ಲ.

ಸಾಮಾನ್ಯವಾಗಿ ನಡೆಯುವ ಕ್ರಮ ಹೀಗಿರುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘವೋ, ಊರಿನ ದಾನಿಗಳೋ ಹೊಸ ಯಂತ್ರಗಳನ್ನು ಕೊಡಲು ಮುಂದೆ ಬರುತ್ತಾರೆ. ಅಂಗಡಿಯವರು ತಮ್ಮಲ್ಲಿದ್ದ ಯಂತ್ರವನ್ನು ತೋರಿಸುತ್ತಾರೆ. ಯಂತ್ರ ಬಂದು, ಹಾರ ಹಾಕಿ, ಪೂಜ್ಯರ ಅಮೃತಹಸ್ತದಿಂದ ಉದ್ಘಾಟನೆಯಾದ ಮೇಲೆ ಕಾರ್ಯಾಲಯದ ಗುಮಾಸ್ತರು ಹಳೆಯ ಕಡತವೊಂದನ್ನು ತೆರೆಯುತ್ತಾರೆ. ಪರದೆಯ ಮೇಲೆ ಕನ್ನಡದ ಬದಲು ಯುರೋಪಿನ ಅಕ್ಷರಗಳೂ ನಾಣ್ಯದ ಚಿಹ್ನೆಗಳೂ ಕಲಸಿದ ಗೊಂದಲ ಮೂಡುತ್ತದೆ. ಆ ಹೊತ್ತಿಗೆ ಹಳೆಯ ಯಂತ್ರ ಗುಜರಿಗೆ ಹೋಗಿರುತ್ತದೆ. ಈ ಕ್ರಮವನ್ನು ತಿರುಗಿಸುವುದೇ ಸರಿಯಾದ ಮಾರ್ಗ. ಮೊದಲು ಮಾಡತಕ್ಕ ಕೆಲಸವನ್ನು ನೋಡಬೇಕು. ಆ ಕೆಲಸಕ್ಕೆ ಬೇಕಾದ ತಂತ್ರಾಂಶವನ್ನು ಗೊತ್ತುಮಾಡಬೇಕು. ಯಂತ್ರದ ವಿಚಾರ ಕೊನೆಗೆ.

ಶಾಲೆಯೊಂದರಲ್ಲಿ ಗಣಕಯಂತ್ರ ಮಾಡುವ ಕೆಲಸ ಮೂರು ತೆರನಾದುದು. ಮಕ್ಕಳ ಕಲಿಕೆ ಒಂದು, ಕಾರ್ಯಾಲಯದ ವ್ಯವಹಾರ ಮತ್ತೊಂದು, ಬರವಣಿಗೆ ಹಾಗೂ ಪ್ರಕಟಣೆ ಮೂರನೆಯದು. ಇವುಗಳಲ್ಲಿ ಜನರು ಹೆಚ್ಚು ಚಿಂತಿಸುವುದು ಮೊದಲನೆಯದನ್ನು. ನಿಜಕ್ಕೂ ಕಷ್ಟವಿರುವುದು ಮೂರನೆಯದರಲ್ಲಿ.

ಮಕ್ಕಳ ಕೋಣೆಯ ಮಾತನ್ನು ಬೇಗ ಮುಗಿಸಬಹುದು. 1983ರಲ್ಲಿ ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ಗ್ನೂ ಯೋಜನೆಯೂ, 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ತಿರುಳೂ ಸೇರಿ ಬೆಳೆದು ಬಂದ ಮುಕ್ತ ತಂತ್ರಾಂಶ ಇಂದು ಶಾಲೆಗಳಿಗೆ ಬೇಕಾದ ಬಹುಪಾಲು ಸಾಮಗ್ರಿಯನ್ನು ಒದಗಿಸುತ್ತದೆ. ರೇಖಾಗಣಿತಕ್ಕೆ ಜಿಯೋಜೀಬ್ರಾ, ಆಕಾಶವೀಕ್ಷಣೆಗೆ ಸ್ಟೆಲೇರಿಯಮ್, ಕ್ರಮವಿಧಿಯ ಮೊದಲ ಪಾಠಗಳಿಗೆ ಸ್ಕ್ರ್ಯಾಚ್, ಬರವಣಿಗೆ ಹಾಗೂ ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್ ಇವೆಲ್ಲ ಅದರಲ್ಲಿ ನಡೆಯುತ್ತವೆ. ಇವುಗಳಲ್ಲಿ ಹೆಚ್ಚಿನವನ್ನು ಬಳಸಲು, ಹಂಚಲು, ಒಳಗನ್ನು ತೆರೆದು ನೋಡಲು, ತಿದ್ದಲು ಯಾರ ಅಪ್ಪಣೆಯೂ ಬೇಡ. ದಾಸೋಹದ ಪರಂಪರೆಯುಳ್ಳ ಸಂಸ್ಥೆಗಳಿಗೆ ಈ ತತ್ವವನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಆದರೆ ದಾಸೋಹದಲ್ಲಿಯೂ ಅಕ್ಕಿ, ಬೇಳೆ, ಸೌದೆಯ ಖರ್ಚು ಯಾರೋ ಹೊತ್ತಿರುತ್ತಾರೆ. ಮುಕ್ತ ತಂತ್ರಾಂಶಕ್ಕೆ ಪರವಾನಗಿಯ ಹಣ ಇಲ್ಲದಿದ್ದರೂ ಕಲಿಯುವ ಶ್ರಮ ಇದ್ದೇ ಇದೆ. ಆ ಶ್ರಮ ಬೀಳುವುದು ಶಿಕ್ಷಕರ ಮೇಲೆ. ಇದನ್ನು ಮರೆತು "ಪುಕ್ಕಟೆ" ಎಂಬ ಒಂದೇ ಕಾರಣಕ್ಕೆ ಆರಿಸಿಕೊಂಡವರು ಹಲವೊಮ್ಮೆ ನಡುದಾರಿಯಲ್ಲಿ ಕೈಬಿಟ್ಟಿದ್ದಾರೆ.

ಈ ಮಾರ್ಗದಲ್ಲಿ ಬಹುದೂರ ನಡೆದವರು ನೆರೆಯ ಕೇರಳದವರು. ಅಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಆರಂಭವಾಯಿತು. ಮೊದಲು ವಿಂಡೋಸ್ ಇದ್ದಿತು. ಆ ದಶಕ ಮುಗಿಯುವುದರೊಳಗೆ ಶಾಲೆಗಳನ್ನು ಕ್ರಮೇಣ ಸಂಪೂರ್ಣವಾಗಿ ಮುಕ್ತ ತಂತ್ರಾಂಶಕ್ಕೆ ತಿರುಗಿಸಲಾಯಿತು. ಆ ಯೋಜನೆಯೇ 2017ರಲ್ಲಿ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. 2019ರಲ್ಲಿ ಉಬುಂಟುವಿನ ಆಧಾರದ ಮೇಲೆ ತಾವೇ ಸಿದ್ಧಪಡಿಸಿದ ಹೊಸ ಆವೃತ್ತಿಯನ್ನು 2 ಲಕ್ಷಕ್ಕೂ ಹೆಚ್ಚು ಶಾಲಾ ಯಂತ್ರಗಳಿಗೆ ಹಾಕುವುದಾಗಿಯೂ, ಇದರಿಂದ 3,000 ಕೋಟಿ ರೂಪಾಯಿ ಉಳಿಯುವುದೆಂದೂ ಆ ಸಂಸ್ಥೆ ಪ್ರಕಟಿಸಿತು. ಈ ಮೊತ್ತ ಪ್ರತಿಯೊಂದು ಯಂತ್ರಕ್ಕೂ ಪ್ರತಿಯೊಂದು ಪರವಾನಗಿಯನ್ನು ಹಣ ಕೊಟ್ಟು ಕೊಂಡಿದ್ದರೆ ಎಂಬ ಲೆಕ್ಕದ್ದು. ಒಂದು ಸಣ್ಣ ಶಾಲೆ ಅದನ್ನು ನೋಡಿ ಮರುಳಾಗಬೇಕಾಗಿಲ್ಲ. ಗಮನಿಸತಕ್ಕದ್ದು ಬೇರೆ ಇದೆ. ಅಲ್ಲಿ ಮೊದಲು ಶಿಕ್ಷಕರಿಗೆ ತರಬೇತಿ ಕೊಟ್ಟರು, ಪಠ್ಯಪುಸ್ತಕವನ್ನು ಆ ತಂತ್ರಾಂಶಕ್ಕೆ ತಕ್ಕಂತೆ ಬರೆದರು, ಹತ್ತನೆಯ ತರಗತಿಯ ಪ್ರಾಯೋಗಿಕ ಪರೀಕ್ಷೆಯನ್ನೂ ಅದರ ಮೇಲೆಯೇ ನಡೆಸಿದರು. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಯಂತ್ರದ ಮುಂದೆ ಕುಳಿತು ಕಲಿಯುತ್ತಿರುವುದು ಈ ವ್ಯವಸ್ಥೆಯ ಫಲ. ಕನ್ನಡ ಮಾಧ್ಯಮಕ್ಕೆ ಇದು ಒಗ್ಗುವುದಿಲ್ಲವೆಂಬ ಆಕ್ಷೇಪಕ್ಕೆ ಅದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಕರ್ನಾಟಕದಲ್ಲಿಯೂ ರಾಜ್ಯ ಶಿಕ್ಷಣ ಸಂಶೋಧನಾ ಇಲಾಖೆ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ಕಾರ್ಯಕ್ರಮದಲ್ಲಿ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟುವಿನ ಮೇಲೆ ತರಬೇತಿ ದೊರೆತಿದೆ. ಅಂತಹ ತರಬೇತಿ ಪಡೆದವರು ನೆರೆಹೊರೆಯಲ್ಲಿದ್ದರೆ ಅವರನ್ನು ಒಂದು ವಾರದ ಮಟ್ಟಿಗೆ ಕರೆಸಿಕೊಳ್ಳುವುದು ಹತ್ತು ಕೈಪಿಡಿಗಳಿಗಿಂತ ಮೇಲು.

ಕಾರ್ಯಾಲಯದ ವಿಚಾರ ಹೀಗೆ ಸರಳವಲ್ಲ, ಆದರೆ ಜನರು ಹೆದರುವಷ್ಟು ಕಠಿಣವೂ ಅಲ್ಲ. ವಿದ್ಯಾರ್ಥಿಗಳ ವಿವರ ತುಂಬುವ ರಾಜ್ಯದ ಎಸ್‌ಎಟಿಎಸ್ ಹಾಗೂ ಕೇಂದ್ರದ ಯೂಡೈಸ್ ಇವೆರಡೂ ಅಂತರ್ಜಾಲದ ಮೂಲಕವೇ ನಡೆಯತಕ್ಕವು. ಜಾಲದರ್ಶಕ ಒಂದಿದ್ದರೆ ಯಾವ ಯಂತ್ರವಾದರೂ ಸರಿ. ತೊಡಕು ಬರುವುದು ಲೆಕ್ಕಪತ್ರದ ಟ್ಯಾಲಿ ತಂತ್ರಾಂಶದಲ್ಲಿ. ಅದು ವಿಂಡೋಸಿಗಾಗಿ ಸಿದ್ಧವಾದದ್ದು. ಸಂಸ್ಥೆಯ ಲೆಕ್ಕಪರಿಶೋಧಕರೂ ಅದರ ಕಡತಗಳನ್ನೇ ಕೇಳುತ್ತಾರೆ. ಅದಕ್ಕಾಗಿ ಇಡೀ ಶಾಲೆಯನ್ನು ವಿಂಡೋಸಿಗೆ ಕಟ್ಟಿಹಾಕುವುದು ಒಂದು ಎತ್ತಿಗಾಗಿ ಊರ ಕೊಟ್ಟಿಗೆಯನ್ನೆಲ್ಲ ಬಾಡಿಗೆಗೆ ಹಿಡಿದಂತೆ. ಲೆಕ್ಕಕ್ಕೆಂದು ಹನ್ನೊಂದನೆಯ ಆವೃತ್ತಿಯುಳ್ಳ ಒಂದು ಹೊಸ ಯಂತ್ರವನ್ನು ಬೇರೆಯಾಗಿ ಇರಿಸಿದರೆ ಸಾಕು. ಅಂಕೀಯ ಸಹಿಯ ಟೋಕನ್, ಸ್ಕ್ಯಾನರ್, ಮುದ್ರಕ ಇವು ಹೊಸ ವ್ಯವಸ್ಥೆಯಲ್ಲಿ ನಡೆಯುತ್ತವೆಯೇ ಎಂಬುದನ್ನು ಮೊದಲೇ ಪರೀಕ್ಷಿಸತಕ್ಕದ್ದು. ಕೆಲವು ಹಳೆಯ ಲೇಸರ್ ಮುದ್ರಕಗಳು ಲಿನಕ್ಸಿನೊಡನೆ ಹಟ ಹಿಡಿಯುತ್ತವೆ. ಪರೀಕ್ಷೆಗೆ ಯಂತ್ರವನ್ನು ಅಳಿಸಬೇಕಾಗಿಯೂ ಇಲ್ಲ. ಉಬುಂಟು, ಮಿಂಟ್ ಮೊದಲಾದವನ್ನು ಪೆನ್‌ಡ್ರೈವಿನಲ್ಲಿ ಇರಿಸಿ, ಒಳಗಿನ ವಿಂಡೋಸನ್ನು ಮುಟ್ಟದೆ, ಅಲ್ಲಿಂದಲೇ ನಡೆಸಿ ನೋಡಬಹುದು.

ಇನ್ನು ಮೂರನೆಯ ಕೆಲಸ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಮಠಗಳ ಆಶ್ರಯದ ಶಾಲೆಗಳಲ್ಲಿ ಅಂಕಪಟ್ಟಿ, ಹಾಜರಿಗಳ ಜೊತೆಗೆ ಮತ್ತೊಂದು ಬಗೆಯ ಬರಹ ಸೇರುತ್ತ ಬಂದಿರುತ್ತದೆ. ವಾರ್ಷಿಕ ಸಂಚಿಕೆಗಳು, ಪುರಾಣ ಪ್ರವಚನಗಳ ಸಾರಾಂಶ, ಲಿಂಗೈಕ್ಯ ಪೂಜ್ಯರ ಆಶೀರ್ವಚನಗಳ ಪ್ರತಿಗಳು, ದಾನಿಗಳ ನಾಮಾವಳಿ, ಮಕ್ಕಳಿಗಾಗಿ ಆಯ್ದ ವಚನಗಳು. ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಇವುಗಳಲ್ಲಿ ಬಹಳಷ್ಟು ಗಣಕಯಂತ್ರದಲ್ಲಿಯೇ ಮೊದಲು ಅಕ್ಷರರೂಪ ಪಡೆದವು. ಅದಕ್ಕೆ ಬಳಸಿದ್ದು ಕನ್ನಡ ಗಣಕ ಪರಿಷತ್ತು ರಾಜ್ಯ ಸರಕಾರಕ್ಕಾಗಿ ಸಿದ್ಧಪಡಿಸಿ ಉಚಿತವಾಗಿ ಹಂಚಿದ ನುಡಿ, 1998ರಲ್ಲಿ ಮೊದಲು ಬಂದ ಬರಹ, ಮುದ್ರಣಾಲಯಗಳಲ್ಲಿ ಶ್ರೀಲಿಪಿ ಅಥವಾ ಆಕೃತಿ. ಇವು ಕನ್ನಡಕ್ಕೆ ಮಾಡಿದ ಉಪಕಾರ ಸಾಮಾನ್ಯವಾದುದಲ್ಲ. ಆದರೆ ಅಂದಿನ ಯಂತ್ರಗಳ ಮಿತಿಯಿಂದಾಗಿ ಅವು ಒಂದು ಉಪಾಯವನ್ನು ಹೂಡಬೇಕಾಯಿತು. ಆ ಉಪಾಯವೇ ಈಗ ತೊಡಕಾಗಿದೆ.

ಉಪಾಯ ಹೀಗಿದೆ. ಗಣಕಯಂತ್ರ ಅಕ್ಷರವನ್ನು ಅಕ್ಷರವಾಗಿ ಅರಿಯದು. ಪ್ರತಿಯೊಂದಕ್ಕೂ ಒಂದು ಸಂಖ್ಯೆಯನ್ನು ಇಟ್ಟುಕೊಂಡಿರುತ್ತದೆ. ಆ ಕಾಲದ ಸಾಮಾನ್ಯ ವ್ಯವಸ್ಥೆಯಲ್ಲಿ ಸುಮಾರು ಇನ್ನೂರು ಸ್ಥಾನಗಳು ಮಾತ್ರ ಲಭ್ಯವಿದ್ದು, ಅವೆಲ್ಲ ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಮೀಸಲಾಗಿದ್ದವು. ಕನ್ನಡದವರು ಆ ಸ್ಥಾನಗಳಲ್ಲಿಯೇ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದರು. ನುಡಿಯ ಹಳೆಯ ಫಾಂಟಿನಲ್ಲಿ ಕ ಎಂಬುದು ಇಂಗ್ಲಿಷಿನ ದೊಡ್ಡ ಪಿ ಮತ್ತು ತಲೆಯ ಮೇಲೆ ಓರೆಗೆರೆಯುಳ್ಳ ಎ ಎಂಬ ಎರಡು ಗುರುತುಗಳ ಜೋಡಣೆ. ನ ಎಂಬುದರ ಒಡಲು ಬ್ರಿಟಿಷ್ ಪೌಂಡಿನ ಚಿಹ್ನೆಯ ಸ್ಥಾನದಲ್ಲಿದೆ, ಪ ಎಂಬುದರದು ಜಪಾನಿನ ಯೆನ್ನಿನ ಸ್ಥಾನದಲ್ಲಿ. ನ ಅಕ್ಷರದ ಒತ್ತು ಜರ್ಮನ್ ಭಾಷೆಯ ಒಂದು ಅಕ್ಷರದ ಜಾಗದಲ್ಲಿ ಕುಳಿತಿದೆ. ಫಾಂಟು ಇರುವವರೆಗೆ ಕಣ್ಣಿಗೆ ಕನ್ನಡ. ಅದನ್ನು ತೆಗೆದರೆ ಒಳಗಿರುವುದು ಕನ್ನಡವೇ ಅಲ್ಲ. ಹೊಸ ಯಂತ್ರದಲ್ಲಿ ಪರದೆಯ ಮೇಲೆ ಕಾಣುವ ಗೊಂದಲ ಯಂತ್ರದ ದೋಷವಲ್ಲ. ಕಡತದೊಳಗೆ ನಿಜವಾಗಿ ಇದ್ದುದನ್ನೇ ಅದು ತೋರಿಸುತ್ತಿದೆ.

ಇದಕ್ಕೆ ಪ್ರತಿಯಾಗಿ 1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಸಂಕೇತವಿಧಾನ ಪ್ರಕಟವಾಯಿತು. ಅದರಲ್ಲಿ ಆರಂಭದಿಂದಲೇ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳ ಒಂದು ಕೇರಿ ಮೀಸಲಿದೆ. ಅಲ್ಲಿ ಕ ಎಂಬುದು ಜಗತ್ತಿನ ಯಾವ ಯಂತ್ರದಲ್ಲಿಯೂ ಕ ಮಾತ್ರವೇ. "ಕನ್ನಡ" ಎಂಬ ಪದ ನುಡಿಯ ಹಳೆಯ ಸಂಕೇತದಲ್ಲಿ ಏಳು ಗುರುತುಗಳಾಗುತ್ತದೆ. ಯೂನಿಕೋಡಿನಲ್ಲಿ ಕ, ನ, ವಿರಾಮ ಚಿಹ್ನೆಯಾದ ಹಲಂತ, ನ, ಡ ಎಂದು ಐದೇ. ಕಾಗುಣಿತ ಕಲಿಯುವ ಮಗು ಪದವನ್ನು ಬಿಡಿಸುವ ಕ್ರಮವೂ ಅದೇ. 2012ರಲ್ಲಿ ಕರ್ನಾಟಕ ಸರಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿತು. ಅಷ್ಟರಲ್ಲಿ ಹತ್ತು ಹನ್ನೆರಡು ವರ್ಷಗಳ ಬರಹ ಹಳೆಯ ಸಂಕೇತದಲ್ಲಿ ಸೇರಿಹೋಗಿದ್ದಿತು. ಅನಂತರವೂ ಎಷ್ಟೋ ಕಡೆ ಹಳೆಯ ಅಭ್ಯಾಸ ನಿಲ್ಲಲಿಲ್ಲ.

ಕಣ್ಣಿಗೆ ಸರಿಯಾಗಿ ಕಂಡರೆ ಸಾಕಲ್ಲವೇ, ಒಳಗೆ ಏನಿದ್ದರೇನು ಎಂದು ಕೇಳುವವರುಂಟು. ಯಾದಗಿರಿ ಜಿಲ್ಲೆಯ ಆರು ತಾಲ್ಲೂಕುಗಳ ಹೆಸರುಗಳನ್ನೇ ಪರೀಕ್ಷೆಗೆ ತೆಗೆದುಕೊಳ್ಳಬಹುದು. ಅಕಾರಾದಿಯಲ್ಲಿ ಬರೆದರೆ ಗುರುಮಠಕಲ್ ಮೊದಲು, ಆಮೇಲೆ ಯಾದಗಿರಿ, ವಡಗೇರಾ, ಶಹಾಪುರ, ಸುರಪುರ, ಕೊನೆಗೆ ಹುಣಸಗಿ. ನುಡಿಯ ಹಳೆಯ ಸಂಕೇತಸಂಖ್ಯೆಗಳ ಪ್ರಕಾರ ವಿಂಗಡಿಸಿದರೆ ಯಾದಗಿರಿ ಎಲ್ಲಕ್ಕಿಂತ ಮುಂದೆ ಹೋಗಿ ನಿಲ್ಲುತ್ತದೆ. ಕಾರಣ, ಯ ಅಕ್ಷರದ ಎಡಭಾಗದ ದುಂಡನ್ನು ಅನುಸ್ವಾರದ ಸೊನ್ನೆಯಿಂದ ಮಾಡಿಕೊಂಡಿದ್ದಾರೆ. ಆ ಸೊನ್ನೆ ಇರುವುದು ಇಂಗ್ಲಿಷಿನ ಎ ಅಕ್ಷರದ ಸ್ಥಾನದಲ್ಲಿ. ಆದುದರಿಂದ ಯಲ್ಲಪ್ಪ, ಯಂಕಮ್ಮ ಎಂಬ ಹೆಸರಿನ ಮಕ್ಕಳು ಅಂಬರೀಷ, ಅಕ್ಕಮಹಾದೇವಿ ಎಂಬವರಿಗಿಂತ ಮೊದಲು ಬರುತ್ತಾರೆ. ಮ ಅಕ್ಷರದ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಅದು ವ ಅಕ್ಷರಕ್ಕೆ ಒಂದು ಬಾಲ ಸೇರಿಸಿದ್ದು. ಹೀಗಾಗಿ ಹಳೆಯ ಕಡತದಲ್ಲಿ ವ ಎಲ್ಲಿದೆಯೆಂದು ಹುಡುಕಿದರೆ ಅದರೊಡನೆ ಮಕಾರಗಳೂ ಎದ್ದು ಬರುತ್ತವೆ. ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೊನೆಗೆ ಕುಳಿತಿರುವುದರಿಂದ "ಕರ್ನಾಟಕ" ಎಂಬ ಪದದ ರೇಫ ನಾ ಆದ ಮೇಲೆ ಬರುತ್ತದೆ. ಸಾವಿರ ಹೆಸರುಗಳ ದಾಖಲಾತಿ ರಿಜಿಸ್ಟರಿನಲ್ಲಿ ವರ್ಗಾವಣೆ ಪತ್ರಕ್ಕಾಗಿ ಒಂದು ಹೆಸರನ್ನು ಹುಡುಕಬೇಕಾದಾಗ ಈ ಸಂಗತಿಗಳು ಸ್ವಾರಸ್ಯವಾಗಿ ಉಳಿಯುವುದಿಲ್ಲ.

ವಚನಗಳ ವಿಚಾರದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನವರ ಊರು. ಕೆಂಭಾವಿ ಭೋಗಣ್ಣನವರ ನೆಲೆಯೂ ಇದೇ ಸೀಮೆ. ಯೂನಿಕೋಡಿನಲ್ಲಿರುವ ವಚನಸಂಪುಟದಲ್ಲಿ "ರಾಮನಾಥ" ಎಂಬ ಅಂಕಿತವನ್ನು ಹುಡುಕಿದರೆ ಕ್ಷಣಮಾತ್ರದಲ್ಲಿ ದಾಸಿಮಯ್ಯನವರ ವಚನಗಳು ಮುಂದೆ ನಿಲ್ಲುತ್ತವೆ. 1993ರಲ್ಲಿ 15 ಸಂಪುಟಗಳಾಗಿ ಬಂದ ಸಮಗ್ರ ವಚನ ಸಂಪುಟ ಗ್ರಂಥಾಲಯದ ಕಪಾಟಿನಲ್ಲಿದ್ದರೂ ಹಳ್ಳಿಯ ಶಿಕ್ಷಕರ ಕೈಗೆ ದೊರೆಯುವುದು ಕಷ್ಟ. ವಚನ ಸಂಚಯವೆಂಬ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕುವಂತೆ ಅಣಿಗೊಳಿಸಲು ಸಾಧ್ಯವಾದದ್ದು ಪಠ್ಯ ಯೂನಿಕೋಡಿಗೆ ಬಂದ ಮೇಲೆಯೇ. ಮಠದ ಸಂಚಿಕೆಗಳೂ ಆ ರೂಪಕ್ಕೆ ಬಂದರೆ, ಯಾವ ವರ್ಷ ಯಾರು ಯಾವ ವಚನದ ಮೇಲೆ ಬರೆದರೆಂಬುದನ್ನು ಮಕ್ಕಳೇ ಕಂಡುಹಿಡಿಯಬಹುದು.

ಒಂದು ಆಧಾರದಿಂದ ಮತ್ತೊಂದಕ್ಕೆ ಬರಹವನ್ನು ದಾಟಿಸುವ ಕಾಯಕ ಈ ಪರಂಪರೆಗೆ ಹೊಸದಲ್ಲ. ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಊರೂರು ಅಲೆದು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚುಹಾಕಿಸಿದರು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. ಓಲೆಯಿಂದ ಓಲೆಗೆ ಪ್ರತಿ ಮಾಡುವಾಗ ಲಿಪಿಕಾರರ ಕೈತಪ್ಪಿನಿಂದ ಪಾಠಾಂತರಗಳು ಹುಟ್ಟಿದಂತೆ ಹಳೆಯ ಸಂಕೇತದಿಂದ ಯೂನಿಕೋಡಿಗೆ ತಿರುಗಿಸುವಾಗಲೂ ಹುಟ್ಟುತ್ತವೆ. ನುಡಿಯೊಡನೆ ಬರುವ ಪರಿವರ್ತಕವೂ, ಅಂತರ್ಜಾಲದಲ್ಲಿ ಮುಕ್ತವಾಗಿ ದೊರೆಯುವ ಇತರ ಪರಿವರ್ತಕಗಳೂ ನೂರಾರು ಪುಟಗಳನ್ನು ನಿಮಿಷಗಳಲ್ಲಿ ತಿರುಗಿಸಿಕೊಡುತ್ತವೆ. ಆದರೆ ಕನ್ನಡದ ನಡುವೆ ಇಂಗ್ಲಿಷ್ ಪದವೊಂದಿದ್ದರೆ, ಫಾಂಟನ್ನು ಗಮನಿಸದ ಪರಿವರ್ತಕ ಅದನ್ನೂ ಕನ್ನಡದ ತುಂಡುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನು ಕೂಡಿಸುತ್ತದೆ. ಶ್ರೀಲಿಪಿಯ ಕಡತವನ್ನು ನುಡಿಯ ಪರಿವರ್ತಕಕ್ಕೆ ಹಾಕಿದರೆ ಬರುವುದು ಕಸ. ಎರಡರ ಸಂಕೇತಗಳು ಬೇರೆ ಬೇರೆ. ರೇಫ ಮತ್ತು ಯಕಾರ ಸೇರುವ ಕಡೆ ಅರ್ಕಾವತ್ತೋ, ರಕಾರದ ಕೆಳಗೆ ಯಕಾರದ ಒತ್ತೋ ಎಂಬುದೂ ಅದಲುಬದಲಾಗುವ ಸಂಭವವಿದೆ. ಆದುದರಿಂದ ತಿರುಗಿಸಿದ ಪ್ರತಿಯೊಂದು ಪುಟವನ್ನೂ ಮೂಲದ ಮುದ್ರಿತ ಪ್ರತಿಯೊಡನೆ ಹೋಲಿಸಿ ಓದತಕ್ಕದ್ದು. ನಿವೃತ್ತ ಕನ್ನಡ ಪಂಡಿತರು ಇದ್ದಲ್ಲಿ ಈ ಕೆಲಸಕ್ಕೆ ಅವರಿಗಿಂತ ಯೋಗ್ಯರಿಲ್ಲ. ಯಂತ್ರ ಬಲ್ಲ ಹುಡುಗನೊಬ್ಬ, ಕನ್ನಡ ಬಲ್ಲ ಹಿರಿಯರೊಬ್ಬರು ಜೊತೆಗೆ ಕುಳಿತರೆ ಕೆಲಸ ಸಾಗುತ್ತದೆ. ಇಬ್ಬರಲ್ಲಿ ಒಬ್ಬರೇ ಇದ್ದರೆ ಸಾಗುವುದಿಲ್ಲ.

ಪುಟವಿನ್ಯಾಸ ಮಾಡಿದ ಕಡತಗಳದು ಬೇರೆಯೇ ಪಾಡು. ಮುದ್ರಣಾಲಯಗಳು ಬಹುಕಾಲ ನೆಚ್ಚಿದ್ದ ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ ಏಳನೆಯದು 2001ರಷ್ಟು ಹಳೆಯದು; ಅದಕ್ಕೆ ಯೂನಿಕೋಡ್ ಕನ್ನಡ ಒಗ್ಗದು. ಅದೇ ಕಂಪನಿಯ ಇನ್‌ಡಿಸೈನ್ ಆ ಕಡತಗಳನ್ನು 2012ರ ಆವೃತ್ತಿಯವರೆಗೆ ತೆರೆಯುತ್ತಿದ್ದು ಆಮೇಲೆ ಆ ಸೌಲಭ್ಯವನ್ನು ಕೈಬಿಟ್ಟಿತು. ಆಶ್ಚರ್ಯವೆಂದರೆ, ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್ 2015ರಿಂದ ಪೇಜ್‌ಮೇಕರಿನ ಕಡತಗಳನ್ನು ತೆರೆಯಬಲ್ಲದು. ಪುಟದ ಅಂದ ಪೂರ್ತಿ ಉಳಿಯುವುದಿಲ್ಲ. ಪಠ್ಯ ಹೊರಬರುತ್ತದೆ, ಹಳೆಯ ಸಂಕೇತದಲ್ಲಿಯೇ. ಅದನ್ನು ಪರಿವರ್ತಕಕ್ಕೆ ಕೊಡಬೇಕು. ಕಡತವೇ ಕೆಟ್ಟುಹೋಗಿದ್ದರೆ ಮುದ್ರಿತ ಸಂಚಿಕೆಯನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಟೆಸೆರಾಕ್ಟ್ ಎಂಬ ತಂತ್ರಾಂಶದಿಂದ ಓದಿಸಬಹುದು. ಅದು ಕನ್ನಡವನ್ನು ಬಲ್ಲದು, ತಪ್ಪುಗಳನ್ನೂ ಮಾಡುತ್ತದೆ. ಹೊಸ ಸಂಚಿಕೆಯ ಪುಟವಿನ್ಯಾಸಕ್ಕೆ 2024ರ ಜನವರಿಯಲ್ಲಿ ಬಂದ ಸ್ಕ್ರೈಬಸ್ 1.6 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಆದರೆ ಊರಿನ ಮುದ್ರಣಾಲಯದವರು ಯಾವ ರೂಪದ ಕಡತವನ್ನು ಸ್ವೀಕರಿಸುತ್ತಾರೆಂದು ಕೇಳದೆ ಇದಕ್ಕೆ ಕೈಹಾಕುವುದು ಜಾಣತನವಲ್ಲ.

ಬೆರಳಚ್ಚು ಮಾಡುವವರ ಭಯವೊಂದಿದೆ: ಯಂತ್ರ ಬದಲಾದರೆ ಕೀಲಿಮಣೆಯನ್ನು ಮತ್ತೆ ಕಲಿಯಬೇಕೇ ಎಂಬುದು. ಬೇಕಾಗಿಲ್ಲ. ನುಡಿಯಲ್ಲಿರುವುದು ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ, ಕಗಪ ಎಂದು ಕರೆಯುವ ಕೀಲಿಮಣೆ. ಅದು ಲಿನಕ್ಸಿನಲ್ಲಿಯೂ ಅದೇ ರೀತಿಯಲ್ಲಿ ದೊರೆಯುತ್ತದೆ. ಒತ್ತಕ್ಷರಕ್ಕೆ ಅಲ್ಲಿಯೂ ಎಫ್ ಕೀಲಿಯೇ. ಲೋಹಿತ್, ನೋಟೋ, ಗುಬ್ಬಿ, ನವಿಲು ಮೊದಲಾದ ಯೂನಿಕೋಡ್ ಫಾಂಟುಗಳು ಉಚಿತವಾಗಿ ಲಭ್ಯವಿವೆ. ಇಪ್ಪತ್ತು ವರ್ಷಗಳ ಬೆರಳಿನ ಅಭ್ಯಾಸವನ್ನು ಕೆಡಿಸದೆ ಒಳಗಿನ ಸಂಕೇತವನ್ನು ಮಾತ್ರ ಬದಲಿಸುವ ಈ ಅನುಕೂಲವನ್ನು ಗುಮಾಸ್ತರಿಗೆ ಮೊದಲ ದಿನವೇ ತೋರಿಸಿಕೊಟ್ಟರೆ ಅರ್ಧ ವಿರೋಧ ಅಲ್ಲಿಯೇ ಕರಗುತ್ತದೆ.

ಕೆಲಸ ಹೀಗೆ ಗೊತ್ತಾದ ಮೇಲೆ ಯಂತ್ರದ ಮಾತು. ಹಳೆಯ ಯಂತ್ರ 64 ಬಿಟ್ಟಿನದಾಗಿದ್ದು 4 ಗಿಗಾಬೈಟು ಸ್ಮೃತಿಯಿದ್ದರೆ ಹಗುರವಾದ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ನಡೆಸಬಹುದು; ಹಳೆಯ ತಿರುಗುತಟ್ಟೆಯ ಬದಲು ಎಸ್‌ಎಸ್‌ಡಿ ಹಾಕಿದರೆ ಅದೇ ಯಂತ್ರ ಹೊಸದರಂತೆ ಓಡುತ್ತದೆ. 32 ಬಿಟ್ಟಿನ ಯಂತ್ರಗಳ ಕಾಲ ಮಾತ್ರ ಮುಗಿಯಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಕೂಡ ಅವುಗಳಲ್ಲಿ ಹೊಸದಾಗಿ ಸ್ಥಾಪಿಸಿಕೊಳ್ಳುವ ಅವಕಾಶವನ್ನು ನಿಲ್ಲಿಸಿದೆ. ಗೂಗಲಿನ ಕ್ರೋಮ್ ಓಎಸ್ ಫ್ಲೆಕ್ಸ್ ಹಳೆಯ ಯಂತ್ರವನ್ನು ಜಾಲದರ್ಶಕದ ಯಂತ್ರವನ್ನಾಗಿ ಮಾಡುತ್ತದೆ. ಪಟ್ಟಣಗಳಲ್ಲಿ ಅದು ಒಪ್ಪಬಹುದು; ಅಂತರ್ಜಾಲ ಬಂದು ಹೋಗಿ ಮಾಡುವ ಕಡೆ ಪಾಠದ ನಡುವೆ ಯಂತ್ರ ಬರೀ ದೀಪವಾಗಿ ಉಳಿಯುತ್ತದೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಯಂತ್ರ ಇನ್ನೊಂದು ಜಾತಿಯದು. ಅದರ ನಾಲ್ಕನೆಯ ಮಾದರಿಗೆ 5 ವೋಲ್ಟ್ 3 ಆಂಪಿಯರಿನ, ಅಂದರೆ 15 ವಾಟಿನ ವಿದ್ಯುತ್ ಮೂಲ ಸಾಕು. ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿಯನ್ನು ದಾಟುವ, ಕರೆಂಟು ಹೋದಾಗ ಇನ್ವರ್ಟರನ್ನೇ ನೆಚ್ಚಬೇಕಾದ ಈ ಭಾಗಕ್ಕೆ ಅದು ಸಣ್ಣ ಅನುಕೂಲವಲ್ಲ. ಆದರೆ ಅದರ ಸಂಸ್ಕಾರಕ ಆರ್ಮ್ ಜಾತಿಯದು. ವಿಂಡೋಸಿಗೆಂದು ಬರೆದ ಹಳೆಯ ನುಡಿಯಾಗಲಿ ಟ್ಯಾಲಿಯಾಗಲಿ ಅದರಲ್ಲಿ ನೇರವಾಗಿ ನಡೆಯವು. ಮಕ್ಕಳ ಕೋಣೆಗೆ ಅದು ಯೋಗ್ಯ, ಕಾರ್ಯಾಲಯಕ್ಕೆ ಅಲ್ಲ.

ದಾನಿಗಳಲ್ಲಿ ಒಂದು ವಿಜ್ಞಾಪನೆ ಮಾಡಬಹುದಾದರೆ, ಇಪ್ಪತ್ತು ಯಂತ್ರಗಳಿಗೆ ಕೊಡುವ ಹಣದಲ್ಲಿ ಹದಿನೇಳಕ್ಕೆ ಕೊಟ್ಟು, ಉಳಿದುದನ್ನು ಹಳೆಯ ಕಡತಗಳ ಪರಿವರ್ತನೆಗೂ ಶಿಕ್ಷಕರ ತರಬೇತಿಗೂ ಮೀಸಲಿಡುವುದು ಉಚಿತ. ಹೆಸರು ಕೆತ್ತಿಸುವ ಫಲಕ ಯಂತ್ರದ ಮೇಲೆ ಅಂಟುತ್ತದೆ, ತಿದ್ದಿದ ಕಡತದ ಮೇಲೆ ಅಂಟುವುದಿಲ್ಲ. ಈ ಕೆಲಸಕ್ಕೆ ಹಣ ದೊರೆಯದಿರುವುದಕ್ಕೆ ಬಹುಶಃ ಅದೇ ಕಾರಣ.

ಪರಿವರ್ತನೆ ಮುಗಿಯುವವರೆಗೆ ಹಳೆಯ ಯಂತ್ರಗಳಲ್ಲಿ ಒಂದನ್ನು ಗುಜರಿಗೆ ಹಾಕದೆ ಕಾದಿಡತಕ್ಕದ್ದು. ವಿಂಡೋಸ್, ನುಡಿ, ಪೇಜ್‌ಮೇಕರ್ ಮತ್ತು ಅವುಗಳ ಫಾಂಟುಗಳು ಇದ್ದಂತೆಯೇ ಇರಲಿ. ಅಂತರ್ಜಾಲದ ತಂತಿಯನ್ನು ಮಾತ್ರ ಕಿತ್ತಿಡಬೇಕು. ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಡಿಸ್ಕುಗಳಲ್ಲಿ ತೆಗೆದು, ಒಂದನ್ನು ಶಾಲೆಯಲ್ಲಿಯೂ ಇನ್ನೊಂದನ್ನು ಮಠದಲ್ಲಿಯೂ ಇರಿಸುವುದು ಕ್ಷೇಮ. ಪ್ರತಿಯೊಂದು ಕಡತ ಯಾವ ತಂತ್ರಾಂಶದ ಯಾವ ಫಾಂಟಿನಲ್ಲಿದೆ, ಯಾವ ವರ್ಷದ್ದು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಕೈಯಿಂದಲೇ ಬರೆದಿಡಲಿ. ಬೇಸಗೆಯ ರಜೆಯಲ್ಲಿ ದಿನಕ್ಕೆ ಹತ್ತು ಪುಟಗಳಂತೆ ಓದಿ ತಿದ್ದಿದರೆ ನಾಲ್ಕು ಐದು ಸಂಚಿಕೆಗಳು ಒಂದೇ ರಜೆಯಲ್ಲಿ ಮುಗಿಯುತ್ತವೆ. ಮೊದಲು ತೆಗೆದುಕೊಳ್ಳಬೇಕಾದದ್ದು ಅತ್ಯಂತ ಹಳೆಯ ಸಂಚಿಕೆಯನ್ನು. ಅದನ್ನು ಅಂದು ಬೆರಳಚ್ಚು ಮಾಡಿದವರು ಇನ್ನೂ ಊರಿನಲ್ಲಿರುವಾಗಲೇ.